ತಲೆ ಲೆಕ್ಕ ಬೇಡ, ದಾರಿ ಲೆಕ್ಕ ಹಾಕಿ

ತೀರ್ಥಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ತಾಯಂದಿರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ.

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನಲ್ಲಿ ಮಕ್ಕಳನ್ನು ಎತ್ತಿಕೊಂಡು ಕೂತ ತಾಯಂದಿರಿಗೆ ಮೊದಲೇ ಹೇಳಿಬಿಡುತ್ತೇನೆ: ಮಗು ಅತ್ತರೆ ದಯವಿಟ್ಟು ಎದ್ದು ಹೊರಗೆ ಹೋಗಬೇಡಿ. ಈ ಸಭೆ ಸೇರಿರುವುದೇ ಆ ಮಕ್ಕಳಿಗಾಗಿ.

ನಾನು ಎಎನ್‌ಎಂ, ಅಂದರೆ ಹಳ್ಳಿಯ ಆರೋಗ್ಯ ದಾದಿಯಾಗಿ ಕೆಲಸಕ್ಕೆ ಸೇರಿ, ಹಿರಿಯ ಆರೋಗ್ಯ ಸಹಾಯಕಿಯಾಗಿ ನಿವೃತ್ತಳಾದವಳು. ನನ್ನ ಸೇವೆಯೆಲ್ಲ ಕಳೆದದ್ದು ಹೊಸನಗರ, ತೀರ್ಥಹಳ್ಳಿ ಕಡೆಯ ಆರೋಗ್ಯ ಉಪಕೇಂದ್ರಗಳಲ್ಲಿ. ಇವತ್ತು ಒಂದು ಮಾತು ಹೇಳಲು ಬಂದಿದ್ದೇನೆ. ಚಿಕ್ಕ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಸರ್ಕಾರದ ಯೋಜನೆಗಳು ನಮ್ಮಲ್ಲಿ ಕಡಿಮೆ ಇಲ್ಲ. ಆದರೆ ಆ ಯೋಜನೆಗಳನ್ನು ಅಳೆದು ಕೊಡುವ ಕೋಲು ಬಯಲುಸೀಮೆಯದು. ಅದು ತಲೆ ಎಣಿಸುತ್ತದೆ, ದಾರಿ ಎಣಿಸುವುದಿಲ್ಲ. ಮಲೆನಾಡಿನ ಕೂಸು ಕೈತಪ್ಪಿ ಹೋಗುವುದು ಅಲ್ಲೇ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ನಮ್ಮ ಅಂಗನವಾಡಿ, ಶುರುವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಅಲ್ಲಿ ಊರೆಂದರೆ ಬೀದಿ, ಬೀದಿಯೆಂದರೆ ಗೋಡೆಗೆ ಗೋಡೆ ತಾಗಿದ ಮನೆಗಳು. 400ರಿಂದ 800 ಜನರಿಗೆ ಒಂದು ಅಂಗನವಾಡಿ ಎಂಬ ನಿಯಮ ಅಂಥ ಊರಿಗೆ ಸರಿಯಾಗಿ ಕೂಡುತ್ತದೆ. ಗುಡ್ಡಗಾಡಿಗೆ ಸ್ವಲ್ಪ ಸಡಿಲಿಸಿ 300 ಜನಕ್ಕೆ ಒಂದು, 150 ಜನರಿದ್ದರೆ ಮಿನಿ ಅಂಗನವಾಡಿ ಎಂದರು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಹೀಗೆಯೇ, ಬಯಲಿನಲ್ಲಿ 30,000 ಜನಕ್ಕೆ ಒಂದಾದರೆ ಗುಡ್ಡಗಾಡಿನಲ್ಲಿ 20,000ಕ್ಕೆ. ಸಡಿಲಿಸಿದ್ದೇನೋ ನಿಜ, ಆದರೆ ಸಡಿಲಿಸಿದ್ದೂ ತಲೆಯ ಲೆಕ್ಕದಲ್ಲೇ.

ಒಂದು ಮನೆಗೆ ಐದು ಜನ ಅಂತ ಹಿಡಿಯಿರಿ. 300 ಜನ ಎಂದರೆ 60 ಮನೆ. ಬಯಲಿನಲ್ಲಿ 60 ಮನೆ ಕೂಗಳತೆಯಲ್ಲಿರುತ್ತವೆ. ನಮ್ಮಲ್ಲಿ ತೋಟಕ್ಕೊಂದು ಮನೆ. ಆ 60 ಮನೆ ಗುಡ್ಡದ ಈಚೆ ನಾಲ್ಕು, ಆಚೆ ಎರಡು, ಹಳ್ಳ ದಾಟಿದರೆ ಒಂದು ಎಂಬಂತೆ ಚದುರಿರುತ್ತವೆ. ಆಗುಂಬೆ ಸುತ್ತಮುತ್ತ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳ ತುಂಬಿ ಹರಿಯುವಾಗ ಆ ಒಂಟಿಮನೆಗೂ ಅಂಗನವಾಡಿಗೂ ನಡುವೆ ಇರುವುದು ಪಾಚಿ ಕಟ್ಟಿದ ಎರಡು ಅಡಿಕೆ ಮರದ ಕಾಲುಸಂಕ. ನಕ್ಷೆಯಲ್ಲಿ ಅದು ಒಂದೂವರೆ ಕಿಲೋಮೀಟರ್. ಮೂರು ವರ್ಷದ ಮಗುವಿನ ಕೈಹಿಡಿದು ನಡೆಯುವವಳಿಗೆ ಅದು ಎಷ್ಟು ದೂರ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಮಾತೃಪೂರ್ಣ ಯೋಜನೆಯನ್ನೇ ನೋಡಿ. 2017ರ ಅಕ್ಟೋಬರ್ 2ರಿಂದ ರಾಜ್ಯದಾದ್ಯಂತ ಬಂತು. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನದ ಬಿಸಿಯೂಟ, ಜತೆಗೆ ಹಾಲು, ಮೊಟ್ಟೆ, ಚಿಕ್ಕಿ. ಊಟದ ಜತೆಗೆ ಕಬ್ಬಿಣಾಂಶದ ಮಾತ್ರೆಯನ್ನೂ ಕಣ್ಣೆದುರಿಗೇ ನುಂಗಿಸುವುದು. ಮನೆಗೆ ಕಾಳು ಬೇಳೆ ಕೊಟ್ಟರೆ ಅದು ಎಲ್ಲರ ಪಾಲಾಗುತ್ತದೆ, ಬಸುರಿಯ ತಟ್ಟೆಗೆ ಕೊನೆಗೆ ಉಳಿದದ್ದು ಬೀಳುತ್ತದೆ ಎಂದು ತಿಳಿದವರು ಮಾಡಿದ ಯೋಜನೆ ಇದು. ಆಲೋಚನೆ ಬಹಳ ಒಳ್ಳೆಯದು, ನಾನು ಅದನ್ನು ಎಲ್ಲಿ ಬೇಕಾದರೂ ನಿಂತು ಹೊಗಳುತ್ತೇನೆ. ಆದರೆ ಎಂಟನೇ ತಿಂಗಳ ಬಸುರಿ ಒಂದು ಊಟಕ್ಕಾಗಿ ಜಡಿಮಳೆಯಲ್ಲಿ ಗುಡ್ಡ ಇಳಿದು ಹತ್ತಬೇಕು ಎಂದರೆ ಅವಳು ಬರುವುದಿಲ್ಲ, ಬರಲೂ ಬಾರದು. ಬಾಣಂತಿಯಂತೂ ಮನೆಯ ಹೊಸ್ತಿಲೇ ದಾಟದ ಪದ್ಧತಿ ನಮ್ಮದು. ಅಂಥ ಮನೆಗೆ ಊಟವೇ ನಡೆದು ಹೋಗಬೇಕು. ಹೊತ್ತುಕೊಂಡು ಹೋಗುವವರಿಗೆ ಕೂಲಿ ಕೊಡಬೇಕು. ಇದನ್ನು ಉಪಕಾರ ಅಂತ ಕೇಳಬೇಡಿ, ಆ ಮನೆಗೆ ಸೇರಬೇಕಾದ ಊಟ ಅದು.

ಇನ್ನೊಂದು ಕಡೆ ಕೂಸು ಕೈತಪ್ಪುತ್ತದೆ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಹಾಗಾಗಿ ನಾನು ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತೇನೆ. ನಮ್ಮ ಹೆಣ್ಣುಮಕ್ಕಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗುತ್ತಾರೆ. ಸೀಮಂತ ಮುಗಿಸಿ ಸಾಗರದ ಕಡೆಯಿಂದ ತೀರ್ಥಹಳ್ಳಿಗೆ ಬರುತ್ತಾಳೆ ಅಂದುಕೊಳ್ಳಿ. ತಾಯಿ ಕಾರ್ಡ್ ಗಂಡನ ಊರಿನಲ್ಲಿ ಮಾಡಿಸಿದ್ದು. ಅಂಗನವಾಡಿಯ ದಾಖಲೆ ಅಲ್ಲಿಯದು. ಹೆರಿಗೆ ಆಗುವುದು ಇಲ್ಲಿಯ ತಾಲ್ಲೂಕು ಆಸ್ಪತ್ರೆಯಲ್ಲಿ, ತೊಡಕಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ. ಮೂರನೇ ದಿನ ಕೂಸನ್ನು ನೋಡಬೇಕಾದವಳು ಯಾರು? ಗಂಡನ ಊರಿನ ಆಶಾ "ಅವಳು ಇಲ್ಲಿಲ್ಲ" ಎಂದು ಬರೆದುಕೊಳ್ಳುತ್ತಾಳೆ. ತವರೂರಿನ ಆಶಾಗೆ ಆ ಹೆಸರು ಪಟ್ಟಿಯಲ್ಲೇ ಇಲ್ಲ, ಯಾರೋ ಹೇಳಿದರೆ ಗೊತ್ತಾಗುತ್ತದೆ. ಇಬ್ಬರದೂ ತಪ್ಪಲ್ಲ. ಕೂಸಿನ ಬದುಕಿನ ಅತ್ಯಂತ ಅಪಾಯದ ದಿನಗಳು ಮಾತ್ರ ಎರಡು ಪಟ್ಟಿಗಳ ನಡುವೆ ಕಳೆದುಹೋಗುತ್ತವೆ.

ಈ ದಿನಗಳಲ್ಲಿ ಒಬ್ಬ ತರಬೇತಿ ಪಡೆದ ಹೆಂಗಸು ಮನೆಗೆ ಹೋದರೆ ಏನಾಗುತ್ತದೆ ಎಂಬುದು ಊಹೆಯ ಮಾತಲ್ಲ. ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು, ಮನೆಯಲ್ಲೇ ನವಜಾತ ಶಿಶುವಿನ ಆರೈಕೆ ಮಾಡಿಸಿದರು. ನವಜಾತ ಶಿಶುಗಳ ಸಾವು ಶೇ 62ರಷ್ಟು ಇಳಿಯಿತು. 1999ರಲ್ಲಿ ಅದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಕೆಲಸವೇ ಮುಂದೆ ದೇಶದ ಆಶಾ ಕಾರ್ಯಕರ್ತೆಯರ ಮನೆಭೇಟಿಯಾಗಿ ಬೆಳೆಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ, ಒಟ್ಟು ಆರು ಭೇಟಿ. ಆಮೇಲೆ 3ನೇ ತಿಂಗಳಿಂದ 15ನೇ ತಿಂಗಳವರೆಗೆ ಮೂರು ತಿಂಗಳಿಗೊಂದರಂತೆ ಐದು.

ಆ ಭೇಟಿ ಹೇಗಿರುತ್ತದೆ ಎಂದು ನೋಡದವರಿಗಾಗಿ ಹೇಳುತ್ತೇನೆ. ಜುಲೈ ತಿಂಗಳು. ಆಶಾ ಬರುತ್ತಾಳೆ, ಜಗುಲಿಯಲ್ಲಿ ರೇನ್‌ಕೋಟು ತೆಗೆದು ಹಾಕುತ್ತಾಳೆ. "ಅಯ್ಯೋ, ಈ ಮಳೆಯಲ್ಲಿ ಎಂತಕ್ಕೆ ಬಂದ್ಯೇ ಮಾರಾಯ್ತಿ" ಎನ್ನುತ್ತಾ ಅಜ್ಜಿ ಕಾಫಿಗೆ ನೀರಿಡುತ್ತಾರೆ. ಅವಳು ಕಾಫಿಗಿಂತ ಮುಂಚೆ ಸೋಪು ಕೇಳುತ್ತಾಳೆ, ಬಚ್ಚಲ ಬಿಸಿನೀರಿನಲ್ಲಿ ಕೈ ತೊಳೆದು, ಒಲೆಯ ಹತ್ತಿರ ಕೈ ಬೆಚ್ಚಗೆ ಮಾಡಿಕೊಳ್ಳುತ್ತಾಳೆ. ಬಾಣಂತಿ ಕೋಣೆಯ ಬಾಗಿಲು ತೆಗೆದರೆ ಒಳಗೆಲ್ಲ ಹೊಗೆ. ಅಗ್ಗಿಷ್ಟಿಕೆಯಲ್ಲಿ ಕೆಂಡ, ಅದರ ಮೇಲೆ ಒಣಗದ ಬಟ್ಟೆಗಳು. ಕೂಸಿನ ಅಂಗಾಲು ಮುಟ್ಟಿ ನೋಡುತ್ತಾಳೆ, ತಣ್ಣಗಿದೆ. ಜೋಳಿಗೆಯ ತಕ್ಕಡಿಯಲ್ಲಿ ತೂಗುತ್ತಾಳೆ. ಎದೆ ಮೇಲಿನ ಬಟ್ಟೆ ಸರಿಸಿ, ಗಡಿಯಾರ ಹಿಡಿದು ಒಂದು ನಿಮಿಷ ಪೂರ್ತಿ ಉಸಿರು ಎಣಿಸುತ್ತಾಳೆ. ಅರವತ್ತು ಮುಟ್ಟಿತೋ, ಕೂಸಿಗೆ ಆಸ್ಪತ್ರೆ ಬೇಕು. ಇವತ್ತು ಅಷ್ಟಿಲ್ಲ. ತೂಕ ಮಾತ್ರ ಎರಡೂವರೆ ಕೆ.ಜಿ.ಗೆ ಕಡಿಮೆ. ಬೆತ್ತಲೆ ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟು, ಮೇಲೆ ಸೀರೆ ಬಿಗಿದು, ತಲೆಗೆ ಟೋಪಿ ಹಾಕುತ್ತಾಳೆ. ಕೆಂಡ ಹೊರಗೆ ಹೋಗುತ್ತದೆ. "ಅಮ್ಮಾ, ಇನ್ನು ಮೇಲೆ ನಿಮ್ಮ ಮಗಳೇ ಅಗ್ಗಿಷ್ಟಿಕೆ. ಅವಳಿಗೆ ಸುಸ್ತಾದಾಗ ಅಳಿಯಂದಿರು ಎದೆ ಮೇಲೆ ಮಲಗಿಸಿಕೊಳ್ಳಲಿ" ಎನ್ನುತ್ತಾಳೆ. ಅಜ್ಜಿಗೆ ನಗು, ಅಳಿಯನಿಗೆ ನಾಚಿಕೆ. ಸಂಜೆಯ ಹೊತ್ತಿಗೆ ಕೂಸಿನ ಪಾದ ಬೆಚ್ಚಗಾಗಿರುತ್ತದೆ.

ಇದರಲ್ಲಿ ಯಂತ್ರವಿಲ್ಲ, ದುಬಾರಿ ಔಷಧಿಯಿಲ್ಲ. ಇರುವುದು ಬಾಗಿಲಿಗೆ ಬಂದ ಒಬ್ಬ ಹೆಂಗಸು. ಅವಳು ಬರುವುದಕ್ಕೆ ದಾರಿ ಬೇಕು, ಬಂದದ್ದಕ್ಕೆ ಮರ್ಯಾದೆಯ ಸಂಬಳ ಬೇಕು. ಬಯಲಿನ ಆಶಾ ಒಂದು ಬೆಳಿಗ್ಗೆಯಲ್ಲಿ ಮುಗಿಸುವ ಐದು ಭೇಟಿಗೆ ನಮ್ಮವಳಿಗೆ ಎರಡು ದಿನ ಬೇಕು. ಪ್ರೋತ್ಸಾಹಧನ ಇಬ್ಬರಿಗೂ ಒಂದೇ. ಇದನ್ನು ಅನ್ಯಾಯ ಅನ್ನದೆ ಬೇರೇನೂ ಅನ್ನಲಾರೆ.

ಈಗ ಸ್ವಲ್ಪ ಅಂಕಿಗಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ನಾನು ಕೆಲಸಕ್ಕೆ ಸೇರಿದಾಗ ಕನಸಿನಲ್ಲೂ ಎಣಿಸದ ಸಂಖ್ಯೆ ಅದು. ಅದೇ ಸಮೀಕ್ಷೆಯಲ್ಲಿ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಶೇ 65.5ಕ್ಕೆ ರಕ್ತಹೀನತೆ. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 60.9 ಇತ್ತು, ಅಂದರೆ ಹೆಚ್ಚಾಗಿದೆ. ಆಸ್ಪತ್ರೆಯ ಬಾಗಿಲಿನವರೆಗೆ ತಾಯಿಯನ್ನು ಮುಟ್ಟಿಸಿದೆವು. ಅಲ್ಲಿಂದ ಮನೆಗೆ ಹೋದ ಕೂಸು, ಮೂರು ವರ್ಷ ತುಂಬಿ ಅಂಗನವಾಡಿಯ ಚಾಪೆ ಮೇಲೆ ಕೂರುವವರೆಗೆ ಯಾರ ಕಣ್ಣಿಗೂ ಸರಿಯಾಗಿ ಬೀಳುವುದಿಲ್ಲ. ಮಿದುಳು ಭರದಿಂದ ಬೆಳೆಯುವುದು ಅದೇ ಅವಧಿಯಲ್ಲಿ. ಎರಡು ವರ್ಷಕ್ಕೆ ಅದು ದೊಡ್ಡವರ ಮಿದುಳಿನ ಗಾತ್ರದ ಸುಮಾರು ಶೇ 80ರಷ್ಟಾಗಿರುತ್ತದೆ. ಆಗ ಕಳೆದುಕೊಂಡದ್ದನ್ನು ಒಂದನೇ ಕ್ಲಾಸಿನಲ್ಲಿ ತುಂಬಿಕೊಡುತ್ತೇವೆ ಎಂದರೆ ಬಹಳ ಕಷ್ಟ.

ರಕ್ತಹೀನತೆಯ ಬಗ್ಗೆ ನಮ್ಮ ಕಡೆಯ ಮಾತು ಒಂದಿದೆ. ಮಲೆನಾಡಿನಲ್ಲಿ ತಿನ್ನಲಿಕ್ಕೆ ಇಲ್ಲ ಎಂಬಂತಿಲ್ಲ. ಬಸಳೆ, ನುಗ್ಗೆ, ಕೆಸು, ಹಳ್ಳದ ಮೀನು, ಏಡಿ, ಮನೆ ಕೋಳಿಯ ಮೊಟ್ಟೆ. ಆದರೆ ಕೂಸಿಗೆ ಆರು ತಿಂಗಳಾದ ಮೇಲೆ ಕೊಡುವುದು ಗಂಜಿಯ ತಿಳಿ, ಸ್ವಲ್ಪ ದೊಡ್ಡದಾದರೆ ಲೋಟದಲ್ಲಿ ಚಹಾ. ತಿಳಿ ಹೊಟ್ಟೆ ತುಂಬಿಸುತ್ತದೆ, ಮೈಗೆ ಹಿಡಿಯುವುದಿಲ್ಲ. ಚಹಾ ಊಟದಲ್ಲಿದ್ದ ಕಬ್ಬಿಣಾಂಶವನ್ನೂ ಮೈಗೆ ಸೇರದಂತೆ ತಡೆಯುತ್ತದೆ. ಗಂಜಿಯ ಅಗುಳನ್ನೇ ಗಟ್ಟಿಯಾಗಿ ಹಿಸುಕಿ, ತುಪ್ಪ, ಬೇಯಿಸಿದ ಬೇಳೆ, ಸೊಪ್ಪು, ಮೊಟ್ಟೆಯ ಹಳದಿ ಸೇರಿಸಿ ಕೊಡಿ. ಇನ್ನೊಂದು, ಹಸಿ ತೋಟದಲ್ಲಿ ಬರಿಗಾಲಲ್ಲಿ ಓಡಾಡುವ ಮಕ್ಕಳಿಗೆ ಕೊಕ್ಕೆಹುಳ ಅಂಗಾಲಿನಿಂದಲೇ ಏರುತ್ತದೆ, ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಹಾಗಾಗಿ ಜಂತುಹುಳದ ಮಾತ್ರೆ ತಪ್ಪಿಸಬೇಡಿ, ಕಾಲಿಗೆ ಚಪ್ಪಲಿ ಹಾಕಿಸಿ. ಕಬ್ಬಿಣಾಂಶದ ಸಿರಪ್ ವಾರಕ್ಕೆ ಎರಡು ಸಲ, ಒಂದೊಂದು ಎಂ.ಎಲ್. ಬಾಟಲಿ ಆಶಾ ಕೊಟ್ಟಿರುತ್ತಾಳೆ, ಗೂಡಿನಲ್ಲಿ ಧೂಳು ಹಿಡಿಯಲು ಬಿಡಬೇಡಿ.

ಇಷ್ಟು ಹೇಳಿದ ಮೇಲೆ, ತಾಯಿಗೆ ಬರೀ ಬುದ್ಧಿ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಕೊಡಬೇಡಿ ಎನ್ನುತ್ತೇವೆ. ಆರು ತಿಂಗಳು ಎಂದರೆ 180 ದಿನ. ಕೂಲಿಗೆ ಹೋಗುವವಳು ಅಷ್ಟು ದಿನ ಮನೆಯಲ್ಲಿ ಕೂರಲು ನಾವು ಏನು ಕೊಡುತ್ತೇವೆ? ಕೇಂದ್ರದ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ. 2025–26ಕ್ಕೆ ನಮ್ಮ ರಾಜ್ಯದಲ್ಲಿ ನಿಗದಿಯಾದ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಭಾಗಿಸಿ ನೋಡಿ, ಹದಿಮೂರೂವರೆ ದಿನದ ಕೂಲಿ. ನೌಕರಿಯಲ್ಲಿರುವ ಹೆಣ್ಣುಮಕ್ಕಳಿಗೆ 2017ರ ತಿದ್ದುಪಡಿಯ ಪ್ರಕಾರ 26 ವಾರ ಸಂಬಳ ಸಹಿತ ರಜೆ. ಅದು ಬಂದದ್ದು ನ್ಯಾಯವೇ. ಆದರೆ ಅಡಿಕೆ ಸುಲಿಯುವವಳ ಕೂಸಿನ ಹೊಟ್ಟೆಯೂ ಅಷ್ಟೇ ಅಲ್ಲವೇ? ತಮಿಳುನಾಡಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಯೋಜನೆಯಲ್ಲಿ ಹಣ, ಪೌಷ್ಟಿಕ ಕಿಟ್ ಎಲ್ಲ ಸೇರಿ 18,000 ರೂಪಾಯಿಯ ನೆರವು ಸಿಗುತ್ತದೆ. ಪಕ್ಕದ ರಾಜ್ಯಕ್ಕೆ ಆದದ್ದು ನಮಗೆ ಆಗುವುದಿಲ್ಲ ಎನ್ನಲು ಕಾರಣವಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿದೆಯಲ್ಲ ಎನ್ನುತ್ತಾರೆ. ಅದು ಮನೆಯ ಯಜಮಾನಿಗೆ. ಹಾಲೂಡಿಸುವ ಸೊಸೆಗೆ ಅಲ್ಲ.

ಅಡಿಕೆ ಕೊನೆ ಕೊಯ್ಲು ಶುರುವಾದ ಮೇಲೆ ನಮ್ಮ ಅಂಗಳಗಳನ್ನು ನೋಡಿದ್ದೀರಿ. ರಾತ್ರಿ ಹತ್ತಾದರೂ ಲೈಟಿನ ಕೆಳಗೆ ಸಾಲಾಗಿ ಕೂತು ಸುಲಿತ. ಮೆಟ್ಟುಗತ್ತಿಯ ಪಕ್ಕದಲ್ಲಿ ಗೋಣಿ ಹಾಸಿ ಮಕ್ಕಳನ್ನು ಮಲಗಿಸಿರುತ್ತಾರೆ. ಬೇರೆ ಜಿಲ್ಲೆಗಳಿಂದ ಕೆಲಸಕ್ಕೆ ಬಂದು ತೋಟದ ಶೆಡ್ಡಿನಲ್ಲಿ ಉಳಿದ ಸಂಸಾರಗಳ ಮಕ್ಕಳಿಗೆ ಇಲ್ಲಿ ತಾಯಿ ಕಾರ್ಡೂ ಇಲ್ಲ, ಅಂಗನವಾಡಿಯಲ್ಲಿ ಹೆಸರೂ ಇಲ್ಲ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ 50 ಹೆಣ್ಣಾಳುಗಳು ಅಥವಾ 20 ಮಕ್ಕಳಿದ್ದರೆ ಶಿಶುಪಾಲನಾ ಕೇಂದ್ರ ಇರಲೇಬೇಕು ಎಂದಿತ್ತು. ಅದು ದೊಡ್ಡ ಕಾಫಿ, ಟೀ ಎಸ್ಟೇಟುಗಳ ಮಾತು. ಐದು ಎಕರೆ ಅಡಿಕೆ ತೋಟಕ್ಕೆ ಯಾವ ಕಾಯ್ದೆಯೂ ಬರುವುದಿಲ್ಲ. 2023ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಘೋಷಿಸಿತು. ಅದನ್ನು ನಮ್ಮ ಕಡೆ ಸುಗ್ಗಿಯ ತಿಂಗಳುಗಳಿಗೆ, ಸುಲಿತದ ಹೊತ್ತಿಗೆ ಹೊಂದಿಸಿಕೊಂಡು ನಡೆಸಬೇಕು. ಬೆಳಿಗ್ಗೆ ಹತ್ತಕ್ಕೆ ತೆರೆದು ಸಂಜೆ ನಾಲ್ಕಕ್ಕೆ ಬಾಗಿಲು ಹಾಕಿದರೆ ನಮ್ಮ ತಾಯಂದಿರಿಗೆ ಉಪಯೋಗವಿಲ್ಲ.

ತಾಯಿಯ ಮನಸ್ಸಿನ ಬಗ್ಗೆ ಎರಡು ಮಾತು. ಹೆರಿಗೆಯಾದ ಮೇಲೆ ವಾರಗಟ್ಟಲೆ ಅಳುವುದು, ಕೂಸನ್ನು ನೋಡಲೂ ಮನಸ್ಸಾಗದಿರುವುದು, ನಿದ್ದೆಯಿಲ್ಲದಿರುವುದು ಕಾಯಿಲೆ, ಅದಕ್ಕೆ ಔಷಧಿ ಇದೆ. ಮಳೆಗಾಲದ ಒಂಟಿಮನೆಯಲ್ಲಿ, ಮಾತಾಡಲು ಇನ್ನೊಂದು ಹೆಣ್ಣುಜೀವ ಇಲ್ಲದೆ ಕೂತ ಬಾಣಂತಿಯನ್ನು ನಾನು ಕಂಡಿದ್ದೇನೆ. ಹಿಂದೆ ಕೂಡು ಕುಟುಂಬದಲ್ಲಿ ಅತ್ತಿಗೆ, ನಾದಿನಿ, ಚಿಕ್ಕಮ್ಮ ಯಾರಾದರೂ ಇರುತ್ತಿದ್ದರು. ಈಗ ಮಕ್ಕಳೆಲ್ಲ ಬೆಂಗಳೂರಿಗೆ ಹೋಗಿ, ಮನೆಯಲ್ಲಿ ಉಳಿದವರು ವಯಸ್ಸಾದ ಅತ್ತೆ ಮಾವ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು. ಫೋನಿಗೆ ಸಿಗ್ನಲ್ ಸಿಗದ ಮನೆಗೆ ಆಶಾ ಹೋದಾಗ, ಕೂಸನ್ನು ತೂಗುವ ಮೊದಲು ತಾಯಿಗೆ "ನೀ ಹೇಗಿದ್ದೀಯ, ನಿದ್ದೆ ಬರುತ್ತಾ" ಎಂದು ಕೇಳಲಿ.

ಪ್ರತಿ ಮನೆಗೂ ಹೋಗುವುದು ಆಗದ ಕೆಲಸ ಎಂದು ಅಧಿಕಾರಿಗಳು ಹೇಳಿದರೆ ನಿಮ್ಮ ಹತ್ತಿರ ಉತ್ತರವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಂಡುಬಂದಾಗಿನಿಂದ ಈ ಜಿಲ್ಲೆ ಅದರ ಜತೆ ಬಾಳುತ್ತಿದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಹಬ್ಬಿದಾಗ ಇದೇ ಇಲಾಖೆ, ಇದೇ ಎಎನ್‌ಎಂ, ಇದೇ ಆಶಾಗಳು ಒಂಟಿಮನೆಗಳಿಗೂ ಹೋಗಿ, ಉಣ್ಣೆ ಕಚ್ಚದಂತೆ ಮೈಗೆ ಹಚ್ಚುವ ಡಿಎಂಪಿ ಎಣ್ಣೆ ಕೊಟ್ಟರು, ಜ್ವರ ಇದೆಯಾ ಎಂದು ಕೇಳಿದರು. ಸಾವು ಬಾಗಿಲಿಗೆ ಬಂದಾಗ ದಾರಿ ಸಿಕ್ಕಿತು. ಕೂಸು ಹುಟ್ಟಿದಾಗಲೂ ಸಿಗಬೇಕು.

ಹಾಗಾದರೆ ಏನು ಮಾಡಬೇಕು? ನಾನು ಕೇಳುವುದು ಒಂದು ಪುಸ್ತಕ. ಪ್ರತಿ ಪಂಚಾಯಿತಿಯಲ್ಲಿ ಆರು ವರ್ಷದೊಳಗಿನ ಮಗು, ಬಸುರಿ ಅಥವಾ ಬಾಣಂತಿ ಇರುವ ಪ್ರತಿ ಮನೆಯ ಎದುರಿಗೆ ಬರೆಯಿರಿ: ಅಂಗನವಾಡಿಗೆ ಎಷ್ಟು ನಿಮಿಷದ ನಡಿಗೆ, ಉಪಕೇಂದ್ರಕ್ಕೆ ಎಷ್ಟು, ಬೇಸಿಗೆಯಲ್ಲಿ ಎಷ್ಟು, ಮಳೆಗಾಲದಲ್ಲಿ ಎಷ್ಟು, ನಡುವೆ ಸಂಕ ಎಷ್ಟು. ತವರಿಗೆ ಬಂದವಳ ಹೆಸರೂ ಅದರಲ್ಲಿರಲಿ, ತೋಟದ ಶೆಡ್ಡಿನ ಕೂಸೂ ಇರಲಿ. ಗುಡ್ಡಗಾಡಿನಲ್ಲಿ ಉಪಕೇಂದ್ರ ಮನೆಯಿಂದ ಅರ್ಧ ಗಂಟೆಯ ನಡಿಗೆಯೊಳಗೆ ಸಿಗಬೇಕು ಎಂಬ ಅಳತೆಯನ್ನು ರಾಷ್ಟ್ರೀಯ ಆರೋಗ್ಯ ಅಭಿಯಾನವೇ ಮಾತಾಡಿದೆ. ನಾವು ಹೊಸದೇನನ್ನೂ ಕೇಳುತ್ತಿಲ್ಲ, ಅದೇ ಅಳತೆಯನ್ನು ಅಂಗನವಾಡಿಗೂ ಆಶಾಳ ಗೌರವಧನಕ್ಕೂ ಹಾಕಿ ಎನ್ನುತ್ತಿದ್ದೇವೆ. 2006ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟ್, ಅಂಗನವಾಡಿ ಇಲ್ಲದ ಜನವಸತಿಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದರೆ, ಕೇಳಿದ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕು ಎಂದು ಆದೇಶಿಸಿತು. ದೊಡ್ಡ ಆದೇಶ. ಆದರೆ ನಮ್ಮ ಯಾವ ಮಜರೆಯಲ್ಲಿ 40 ಕೂಸುಗಳಿವೆ? ನಮಗೆ ಅನ್ವಯವಾಗುವಂತೆ ಆ 40ನ್ನು ನಿಮಿಷಕ್ಕೆ ತಿರುಗಿಸಬೇಕು. ಅದಕ್ಕೆ ಈ ಪುಸ್ತಕವೇ ಸಾಕ್ಷಿ.

ಮಾತು ಮುಗಿದ ಮೇಲೆ ಹೊಸನಗರ ಕಡೆಯ ಸದಸ್ಯರೊಬ್ಬರು ಎದ್ದು ಕೇಳಿದರು: "ಮೇಡಂ, ಎಲ್ಲ ಸರಿ. ದುಡ್ಡು ಎಲ್ಲಿಂದ ತರುವುದು?" ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಪುಸ್ತಕ ಬರೆಯಲು ದುಡ್ಡು ಬೇಡ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆ ಇಬ್ಬರ ಪಟ್ಟಿಯನ್ನೂ ಒಂದು ಮೇಜಿನ ಮೇಲೆ ಇಟ್ಟರೆ ಅರ್ಧ ಕೆಲಸ ಮುಗಿಯಿತು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಇದೆ. ದೂರದ ಬಾಣಂತಿ ಮನೆಗೆ ಊಟ ಹೊರುವ ಕೂಲಿಯನ್ನು ಅದರಿಂದ ಕೊಡಲು ಆಗುತ್ತದೆಯೇ ಎಂದು ಮುಂದಿನ ಸಭೆಯಲ್ಲಿ ವೈದ್ಯಾಧಿಕಾರಿಗಳನ್ನೇ ಕೇಳಿ. ಕಾಲುಸಂಕ ಪಂಚಾಯಿತಿಯ ಕೆಲಸ, ಯಾವುದನ್ನು ಮೊದಲು ಮಾಡಬೇಕು ಎಂಬುದಕ್ಕೆ ಕೂಸಿರುವ ಮನೆಯ ದಾರಿ ಮೊದಲು ಎಂದು ಕ್ರಮ ಹಾಕಿಕೊಳ್ಳಿ. ಉಳಿದದ್ದು ಬೆಂಗಳೂರಿನಲ್ಲಿ ಆಗಬೇಕಾದದ್ದು, ಅದಕ್ಕೆ ಗ್ರಾಮಸಭೆಯ ಠರಾವು ಬೇಕು. ಮುಂದಿನ ಗ್ರಾಮಸಭೆಗೆ ಪುಸ್ತಕ ತೆಗೆದುಕೊಂಡು ಹೋಗಿ, ಗಟ್ಟಿಯಾಗಿ ಓದಿ, ನಡವಳಿ ಪುಸ್ತಕದಲ್ಲಿ ಬರೆಸಿ. ಅದರ ಪ್ರತಿಯನ್ನು ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೂ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಗೂ ಕೈಯಾರೆ ಕೊಟ್ಟು, ಸ್ವೀಕೃತಿಯ ಮುದ್ರೆ ಮತ್ತು ತಾರೀಖು ಹಾಕಿಸಿಕೊಂಡೇ ಹೊರಗೆ ಬನ್ನಿ.